ನಮ್ಮ ತಪ್ಪುಗಳ ಲೆಕ್ಕ

ಸ್ಕ್ರಾಬಲ್ ಎಂಬ ಇಂಗ್ಲಿಷ್ ಪದಗಳ ಆಟವನ್ನು ಅಮೆರಿಕದ ವಾಸ್ತುಶಿಲ್ಪಿ ಆಲ್ಫ್ರೆಡ್ ಬಟ್ಸ್ ಎಂಬವರು ಕಲ್ಪಿಸಿದರು; 1948ರಲ್ಲಿ ಅದಕ್ಕೆ ಈ ಹೆಸರು ಬಂದಿತು. ಹಲಗೆಯಲ್ಲಿ 225 ಮನೆಗಳು; ಅಕ್ಷರದ ಬಿಲ್ಲೆಗಳು 100; ಒಬ್ಬೊಬ್ಬರ ಮುಂದೆ ಏಳು. ಏಳನ್ನೂ ಒಮ್ಮೆಗೇ ಇಟ್ಟವರಿಗೆ 50 ಅಂಕಗಳು ಹೆಚ್ಚಾಗಿ ದೊರೆಯುವುವು.

ಸೋತಾಗಲೆಲ್ಲಾ ನಾವು ಬಿಲ್ಲೆಗಳನ್ನೇ ದೂರುತ್ತಿದ್ದೆವು. ಒಮ್ಮೆ ನಡೆಗಳನ್ನೆಲ್ಲಾ ಬರೆದಿಟ್ಟು, ಮರುದಿನ ಶಾಂತಚಿತ್ತದಿಂದ ಪರೀಕ್ಷಿಸಿದೆವು. ಆರ್, ಇ, ಟಿ, ಎ, ಐ, ಎನ್, ಎಸ್ ನಮ್ಮಲ್ಲಿದ್ದುವು. ‘ಟ್ರೇನ್ಸ್’ ಎಂದಿಟ್ಟು ಇ ಒಂದನ್ನು ಉಳಿಸಿಕೊಂಡಿದ್ದೆವು. ‘ರಿಟೇನ್ಸ್’ ಎಂಬುದಕ್ಕೆ ಹಲಗೆಯಲ್ಲಿ ಸ್ಥಳವಿತ್ತು. ಆ ಪದವನ್ನು ನಾವು ಅರಿತೂ ಇದ್ದೆವು. ಸೋತದ್ದಾದರೋ 50ಕ್ಕಿಂತ ಕಡಿಮೆ ಅಂಕಗಳಿಂದ!

ತಪ್ಪುಗಳು ಮೂರು ವಿಧ: ತಿಳಿಯದ ಪದ, ತಿಳಿದೂ ಕಾಣದ ಪದ, ಎದುರಾಳಿಗೆ ಹೆಚ್ಚಿನ ಅಂಕದ ಮನೆಗೆ ದಾರಿ ತೆರೆಯುವುದು. ಮೊದಲನೆಯದಕ್ಕೆ ನಿಘಂಟು, ಎರಡನೆಯದಕ್ಕೆ ಬಿಲ್ಲೆಗಳನ್ನು ಹಿಂದುಮುಂದಾಗಿಸಿ ನೋಡುವ ತಾಳ್ಮೆ, ಮೂರನೆಯದಕ್ಕೆ ಮುಂದಾಲೋಚನೆ ಮದ್ದು. ದುರದೃಷ್ಟವೂ ಇಲ್ಲದಿಲ್ಲ, ಆದರೆ ಅದನ್ನು ಎಲ್ಲಕ್ಕೂ ಕಡೆಯಲ್ಲಿ ಬರೆಯತಕ್ಕದ್ದು.

ಗೆದ್ದ ಆಟವನ್ನೂ ಹೀಗೆಯೇ ಪರೀಕ್ಷಿಸುವುದೊಳ್ಳೆಯದು. ಸೋಲು ತಪ್ಪನ್ನು ತೋರಿಸುವುದು. ಗೆಲುವು ಅದನ್ನು ಮುಚ್ಚಿಡುವುದು.