ಕೋಣೆ ಗುಡಿಸುವವರ ನೂರು ರೂಪಾಯಿ

ಮುಂಬೈಯ ಧಾರಾವಿಯ ನೈಂಟಿ ಫೀಟ್ ರೋಡಿನ ಒಂದು ಒಳಗಲ್ಲಿಯಲ್ಲಿ ಹೆಂಗಸರ ಭಿಶಿ ನಡೆಯುತ್ತದೆ. ಅದರ ಲೆಕ್ಕ ಬರೆಯುವ ಕೆಲಸ ನನ್ನದು. ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು ನಾನು. ಸದಸ್ಯೆಯರಲ್ಲಿ ಅರ್ಧದಷ್ಟು ನನ್ನ ಹಳೆಯ ವಿದ್ಯಾರ್ಥಿನಿಯರು, ಉಳಿದವರು ಅವರ ನೆಗೆಣ್ಣಿ, ನಾದಿನಿಯರು. ಎಲ್ಲ ಕಲಬುರಗಿ, ಯಾದಗಿರಿ ಕಡೆಯ ಮನೆತನಗಳು. ಹನ್ನೆರಡು ಜನ, ದಿನಕ್ಕೆ ತಲಾ ಐವತ್ತು ರೂಪಾಯಿ. ತಿಂಗಳಿಗೆ ₹18,000 ಜಮೆಯಾಗುತ್ತದೆ, ಚೀಟಿ ಎತ್ತಿ ಒಬ್ಬಳಿಗೆ ಕೊಡುತ್ತೇವೆ. ಬರವಣಿಗೆಯಲ್ಲಿ ಕರಾರಿಲ್ಲ, ಕಾನೂನಿನ ರಕ್ಷಣೆಯಿಲ್ಲ. ಹಣಕಾಸು ಅಂಕಣ ಬರೆಯುವವಳು ಇದನ್ನು ಹೊಗಳಬಾರದು, ಹೊಗಳುತ್ತಲೂ ಇಲ್ಲ. ಆದರೆ ಈ ವಹಿ ನನಗೆ ತೋರಿಸಿದ್ದನ್ನು ಯಾವ ಪುಸ್ತಕವೂ ತೋರಿಸಿರಲಿಲ್ಲ.

ಹನ್ನೆರಡು ಜನರಲ್ಲಿ ನಾಲ್ವರು ಹೋಟೆಲಿನ ಹೌಸ್‌ಕೀಪಿಂಗ್ ಕೆಲಸಕ್ಕೆ ಹೋಗುತ್ತಾರೆ. ಇಬ್ಬರು ಮೀಠಿ ನದಿಯಾಚೆಯ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿಗೆ (ಬಿ.ಕೆ.ಸಿ.), ಇಬ್ಬರು ವಿಮಾನ ನಿಲ್ದಾಣದ ಸುತ್ತಿನ ಸಹಾರ್, ಮರೋಳ ಕಡೆಗೆ. ಮನೆಗೆಲಸದವರು ತಿಂಗಳ ಮೊದಲ ವಾರದಲ್ಲೇ ಭಿಶಿಯ ದುಡ್ಡನ್ನು ಒಟ್ಟಿಗೆ ಕಟ್ಟಿ ಕೈತೊಳೆದುಕೊಳ್ಳುತ್ತಾರೆ. ಈ ನಾಲ್ವರದು ಮಾತ್ರ ಹಾಗಲ್ಲ. ಒಂದು ದಿನ ಇನ್ನೂರು ಬರುತ್ತದೆ, ಆಮೇಲೆ ಮೂರು ದಿನ ಖಾಲಿ, ಮತ್ತೆ ಐವತ್ತು. ಯಾಕೆಂದು ಕೇಳಿದಾಗ ತಿಳಿಯಿತು: ಭಿಶಿಗೆ ಬರುವುದು ಅವರ ಸಂಬಳವಲ್ಲ, ಟಿಪ್ಸ್.

ಸಂಬಳ ಕೈಗೆ ಸಿಗುವುದು ಹದಿನಾರು ಸಾವಿರದ ಆಸುಪಾಸು. ಅದು ಬ್ಯಾಂಕಿಗೆ ಬೀಳುತ್ತದೆ. ಬಿದ್ದ ಎರಡು ದಿನದಲ್ಲಿ ಮೊಬೈಲಿನ ಕಂತು, ಮೈಕ್ರೋಫೈನಾನ್ಸಿನ ಕಂತು, ಮಾಳಿಗೆ ಮನೆಯ ಬಾಡಿಗೆ ಎಂದು ಎದ್ದೂ ಹೋಗುತ್ತದೆ. ಎಟಿಎಂ ಕಾರ್ಡು ಗಂಡನ ಕಿಸೆಯಲ್ಲಿರುವ ಮನೆಗಳೂ ಇವೆ. ಟಿಪ್ಸಿನ ನೋಟು ಮಾತ್ರ ಅವಳ ಕೈಗೇ ಬಂದು ಅವಳ ಕೈಯಿಂದಲೇ ಖರ್ಚಾಗುವ ಹಣ. ಮಗಳ ಟ್ಯೂಷನ್ ಫೀಸು ಅದರಿಂದ, ತವರಿಗೆ ಹೋಗುವ ರೈಲಿನ ಟಿಕೆಟ್ಟು ಅದರಿಂದ. 2025ರ ಮೇ ತಿಂಗಳಲ್ಲಿ ಬೆಸ್ಟ್ ಬಸ್ಸಿನ ಕನಿಷ್ಠ ದರ ₹5ರಿಂದ ₹10ಕ್ಕೆ ಏರಿತು. ಅದೇ ತಿಂಗಳು ಮೆಟ್ರೊ ಮೂರರ ಧಾರಾವಿ ಸ್ಟೇಶನ್ನೂ ತೆರೆಯಿತು. ಸಹಾರಿಗೆ ಹೋಗುವವಳ ಲೆಕ್ಕ ಈಗ ಸರಳ: ಟಿಪ್ಸ್ ಸಿಕ್ಕ ಮರುದಿನ ಮೆಟ್ರೊ, ಸಿಗದಿದ್ದರೆ ಬಸ್ಸು.

ಹೋಟೆಲಿನಲ್ಲಿ ಉಳಿದಾಗ ಕೋಣೆ ಶುಚಿ ಮಾಡುವವರಿಗೆ ಟಿಪ್ಸ್ ಕೊಡಬೇಕೆ, ಎಷ್ಟು ಕೊಡಬೇಕು ಎಂದು ಓದುಗರು ಕೇಳುತ್ತಿರುತ್ತಾರೆ. ಎಷ್ಟು ಎನ್ನುವುದಕ್ಕಿಂತ ಮೊದಲು ಹೇಗೆ ಎನ್ನುವುದನ್ನು ಹೇಳಬೇಕು. ಯಾಕೆಂದರೆ ಕೊಟ್ಟೆವೆಂದುಕೊಂಡ ಹಣದಲ್ಲಿ ಒಂದು ಪಾಲು ಅವರಿಗೆ ತಲುಪುವುದೇ ಇಲ್ಲ.

ಮೈಸೂರಿನಲ್ಲಿ ಒಂದು ಮದುವೆಗೆಂದು ಹೋಟೆಲಿನಲ್ಲಿ ಉಳಿದಿದ್ದೆ. ಬೆಳಿಗ್ಗೆ ಹೊರಡುವಾಗ ಮೇಜಿನ ಮೇಲೆ ನೂರರ ನೋಟು ಇಟ್ಟು ಹೋದೆ. ಸಂಜೆ ಬಂದು ನೋಡಿದರೆ ಹಾಸಿಗೆ ಸುಕ್ಕಿಲ್ಲದೆ ಹಾಸಿದೆ, ಬಚ್ಚಲು ಒಣಗಿದೆ, ನೋಟು ಮಾತ್ರ ನೀರಿನ ಲೋಟದ ಕೆಳಗೆ ಭದ್ರವಾಗಿ ಕೂತಿದೆ. ಧಾರಾವಿಗೆ ಮರಳಿದ ಮೇಲೆ ಇದನ್ನು ಬಿ.ಕೆ.ಸಿ.ಗೆ ಹೋಗುವ ನನ್ನ ಹಳೆಯ ವಿದ್ಯಾರ್ಥಿನಿಗೆ ಹೇಳಿದೆ. ಅವಳು ನಕ್ಕಳು. "ಗೆಸ್ಟ್ ಇನ್ನಾ ರೂಮಿನಾಗ ಇದ್ದಾರಂದ್ರ ಅವರ ರೊಕ್ಕ ನಾವು ಮುಟ್ಟಂಗಿಲ್ಲ ಟೀಚರ್. ಒರೆಸಬೇಕಾದ್ರ ಎತ್ತಿ, ಒರೆಸಿ, ಅಲ್ಲೇ ಇಡಬೇಕು. ನಮಗಂತ ಇಟ್ಟಾರೋ, ಮರ್ತು ಹೋಗ್ಯಾರೋ ಹೆಂಗ ಗೊತ್ತಾಗ್ತದ? ನೂರು ರೂಪಾಯಿಗೆ ಕಳ್ಳಿ ಅನಿಸಿಕೊಳ್ಳೋದು ಯಾಕ?"

ಕೋಣೆ ಖಾಲಿ ಮಾಡಿದ ಮೇಲೆ ಸಿಕ್ಕ ಹಣವೂ ಕೆಲವು ಕಡೆ ಸೀದಾ ಅವರದಾಗುವುದಿಲ್ಲ. ಗುರುತಿಲ್ಲದ ನೋಟು ಕಳೆದುಹೋದ ವಸ್ತುಗಳ ಪಟ್ಟಿಗೆ ಸೇರಿ, ಸೂಪರ್‌ವೈಸರನ ಸಹಿಯೊಂದಿಗೆ ಕಪಾಟಿನೊಳಗೆ ಹೋಗುತ್ತದೆ. ದಿಂಬಿನ ಕೆಳಗೆ ಇಡುವುದಂತೂ ಬೇಡವೇ ಬೇಡ. ಚಾದರವನ್ನು ಒಂದೇ ಸೆಳೆತಕ್ಕೆ ಎಳೆದು ಗಂಟು ಕಟ್ಟುವ ಕೆಲಸ ಅವರದು. ನೋಟೂ ಅದರೊಳಗೆ ಸೇರಿ ಲಾಂಡ್ರಿಗೆ ಹೋಗುತ್ತದೆ.

2014ರಲ್ಲಿ ಮ್ಯಾರಿಯಟ್ ಹೋಟೆಲುಗಳು ಅಮೆರಿಕ, ಕೆನಡಾದ ಒಂದು ಲಕ್ಷಕ್ಕೂ ಹೆಚ್ಚು ಕೋಣೆಗಳಲ್ಲಿ ಟಿಪ್ಸಿಗೆಂದೇ ಲಕೋಟೆ ಇಡಲು ಶುರುಮಾಡಿದಾಗ ಅಲ್ಲಿ ದೊಡ್ಡ ಗದ್ದಲವಾಯಿತು. ಸಂಬಳ ಏರಿಸುವುದನ್ನು ಬಿಟ್ಟು ಗಿರಾಕಿಯ ಮುಂದೆ ಕೈಚಾಚಿಸುತ್ತಿದ್ದೀರಿ ಎಂದು ಜನ ಟೀಕಿಸಿದರು. ಆ ಟೀಕೆಯಲ್ಲಿ ನ್ಯಾಯವಿತ್ತು. ಆದರೆ ಮೇಜಿನ ಮೇಲಿನ ನೋಟಿನ ಮುಂದೆ ಅಳುಕಿ ನಿಲ್ಲುವ ನಮ್ಮ ಹೆಂಗಸರ ಕಡೆಯಿಂದ ನೋಡಿದರೆ ಆ ಲಕೋಟೆ ಒಳ್ಳೆಯ ಸಾಧನವೇ. ಹೋಟೆಲಿನವರು ಇಡದಿದ್ದರೆ ನಾವೇ ಮಾಡಿಕೊಳ್ಳಬಹುದು. ಕೋಣೆಯಲ್ಲಿ ಹೋಟೆಲಿನದೇ ಕಾಗದದ ಪ್ಯಾಡು ಇರುತ್ತದೆ. ಒಂದು ಹಾಳೆ ಹರಿದು ‘ಹೌಸ್‌ಕೀಪಿಂಗಿಗೆ’ ಎಂದು ಆ ಊರಿನವರಿಗೆ ತಿಳಿಯುವ ಭಾಷೆಯಲ್ಲಿ ಬರೆದು, ತಾರೀಖು, ಕೋಣೆ ನಂಬರು, ಹಣದ ಮೊತ್ತ ಹಾಕಿ, ನೋಟನ್ನು ಅದರಲ್ಲಿ ಮಡಿಸಿಡುತ್ತೇನೆ. ಸಂಜೆ ಕಾಗದ ಅಲ್ಲಿರುವುದಿಲ್ಲ. ಒಮ್ಮೊಮ್ಮೆ ಅದರ ಬದಲಿಗೆ ಎರಡು ಹೆಚ್ಚಿನ ಬಿಸ್ಕತ್ ಪೊಟ್ಟಣ ಇರುತ್ತವೆ.

ದಿನವೂ ಕೊಡಿ, ಕೊನೆಯ ದಿನ ಒಟ್ಟಿಗೆ ಬೇಡ. ಮೂರು ದಿನ ನಿಮ್ಮ ಕೋಣೆ ಶುಚಿ ಮಾಡಿದವಳಿಗೆ ನಾಲ್ಕನೆಯ ದಿನ ವಾರದ ರಜೆ ಇರಬಹುದು. ನಿಮ್ಮ ಐನೂರರ ನೋಟು ನಿಮ್ಮ ಮುಖವನ್ನೂ ನೋಡದ ಇನ್ನೊಬ್ಬರಿಗೆ ಹೋಗುತ್ತದೆ. ಯುಪಿಐ ಮಾಡುತ್ತೇನೆ, ನಂಬರು ಕೊಡಿ ಎನ್ನುವವರೂ ಇದ್ದಾರೆ. ಒಂಟಿಯಾಗಿ ಕೋಣೆಗೆ ಬಂದ ಹೆಣ್ಣುಮಗಳ ಫೋನ್ ನಂಬರು ಕೇಳುವುದು ಮರ್ಯಾದೆಯಲ್ಲ. ಅದೂ ಅಲ್ಲದೆ ಕೆಲಸದ ಹೊತ್ತಿನಲ್ಲಿ ಬಹಳ ಕಡೆ ಅವರ ಫೋನು ಲಾಕರಿನಲ್ಲಿರುತ್ತದೆ, ಮತ್ತು ಖಾತೆಗೆ ಬಿದ್ದ ಹಣ ಕಂತಿನವರ ಪಾಲಾಗುತ್ತದೆ. ನಗದೇ ಸರಿ. ಊರಿಗೆ ಹೊರಡುವ ಮೊದಲು ಬ್ಯಾಂಕಿನಿಂದ ನೂರರ ನೋಟುಗಳನ್ನು ತಂದಿಟ್ಟುಕೊಂಡರೆ ರಿಸೆಪ್ಷನ್ನಿನಲ್ಲಿ ಚಿಲ್ಲರೆಗೆ ಕಾಯುವುದು ತಪ್ಪುತ್ತದೆ.

ಇನ್ನು ಎಷ್ಟು. ಊಟದ ಹೋಟೆಲಿನಲ್ಲಿ ಬಿಲ್ಲಿನ ಶೇಕಡಾ ಹತ್ತು ಎನ್ನುವ ರೂಢಿಯನ್ನು ಕೋಣೆಗೆ ತರಬೇಡಿ. ಬಾಡಿಗೆ ಮೂರು ಸಾವಿರವಿರಲಿ ಹದಿನೈದು ಸಾವಿರವಿರಲಿ, ಎಳೆಯಬೇಕಾದ ಚಾದರ ಒಂದೇ, ಉಜ್ಜಬೇಕಾದ ಕಮೋಡು ಒಂದೇ. ಸ್ಟಾರ್ ಹೋಟೆಲಿನಲ್ಲಿ ಒಬ್ಬರಿಗೆ ಒಂದು ಪಾಳಿಯಲ್ಲಿ ಹದಿನಾಲ್ಕು, ಹದಿನಾರು ಕೋಣೆ ಬರುವುದು ಮಾಮೂಲು. ಒಂದಕ್ಕೆ ಅರ್ಧ ಗಂಟೆ ಸಿಕ್ಕರೆ ಹೆಚ್ಚು. ನನ್ನ ಲೆಕ್ಕ ಹೀಗಿದೆ: ಸಾಧಾರಣ ಹೋಟೆಲಿನಲ್ಲಿ ಕೋಣೆಗೆ ರಾತ್ರಿಯೊಂದಕ್ಕೆ ನೂರು ರೂಪಾಯಿ, ಪಂಚತಾರಾದಲ್ಲಿ ಇನ್ನೂರು, ಮಕ್ಕಳಿದ್ದು ಹೆಚ್ಚುವರಿ ಹಾಸಿಗೆ ಹಾಕಿಸಿದ್ದರೆ ಅದರ ಮೇಲೆ ಐವತ್ತು. ದಾದರ್, ಸಾಯನ್ ಕಡೆಯ ಲಾಡ್ಜುಗಳಲ್ಲಿ ನೀರು ತರುವವನೂ ಗುಡಿಸುವವನೂ ಒಬ್ಬನೇ ರೂಮ್ ಬಾಯ್. ಅಲ್ಲಿ ಕಾಗದದ ಗೊಡವೆ ಬೇಡ, ಐವತ್ತು ರೂಪಾಯಿ ಕೈಗೇ ಕೊಟ್ಟರಾಯಿತು. ಪಂಚತಾರಾಕ್ಕೆ ಇನ್ನೂರು ಯಾಕೆ, ಈಗಷ್ಟೇ ಕೆಲಸ ಒಂದೇ ಎಂದಿರಲ್ಲ ಎಂದು ಕೇಳಬಹುದು. ಹದಿನೈದು ಸಾವಿರ ತೆರುವವರಿಗೆ ಇನ್ನೂರು ಭಾರವಲ್ಲ, ಅಷ್ಟೇ ಕಾರಣ.

ಹಣ ಎಲ್ಲಿಂದ ತರುವುದೆಂಬ ಚಿಂತೆಯವರಿಗೆ ಒಂದು ಲೆಕ್ಕ. 2025ರ ಸೆಪ್ಟೆಂಬರ್ 22ರಿಂದ ₹7,500ರವರೆಗಿನ ಕೋಣೆ ಬಾಡಿಗೆಯ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ₹6,000ದ ಕೋಣೆಗೆ ಮೊದಲು ₹720 ತೆರಿಗೆ ಕಟ್ಟುತ್ತಿದ್ದಿರಿ, ಈಗ ₹300. ಹೋಟೆಲಿನವರು ಬಾಡಿಗೆ ಏರಿಸದಿದ್ದರೆ ರಾತ್ರಿಗೆ ₹420 ಉಳಿಯಿತು. ಅದರಲ್ಲಿ ನೂರು ಕೊಟ್ಟರೂ ಮುನ್ನೂರಿಪ್ಪತ್ತು ನಿಮ್ಮದೇ.

ಸರ್ವಿಸ್ ಚಾರ್ಜ್ ಕೊಟ್ಟಾಗಿದೆಯಲ್ಲ ಎನ್ನುವ ಮಾತು ಆಗಾಗ ಕೇಳುತ್ತೇನೆ. ಹೋಟೆಲು, ರೆಸ್ಟೋರೆಂಟುಗಳು ಅದನ್ನು ತಾವಾಗಿ ಬಿಲ್ಲಿಗೆ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಹೇಳಿತು. ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿಯಿತು. ಇನ್ನೂ ಹಾಕುವವರಿದ್ದಾರೆ, ತೆಗೆಸಿ. ಅದು ಊಟದ ಬಿಲ್ಲಿನ ಮೇಲೆ ಬಿದ್ದದ್ದು. ಐದನೇ ಮಹಡಿಯಲ್ಲಿ ನಿಮ್ಮ ಬಚ್ಚಲು ತೊಳೆದವಳು, ಅದರಲ್ಲೂ ಗುತ್ತಿಗೆದಾರನ ಮೂಲಕ ಬಂದವಳು, ಅದರಲ್ಲಿ ಪಾಲು ಕಂಡಿರುವ ಸಂಭವ ಕಡಿಮೆ. ಮಾಟುಂಗಾದ ಉಡುಪಿ ಹೋಟೆಲುಗಳಲ್ಲಿಯೂ ಇದೇ ಕತೆ. ದೋಸೆ ತಂದುಕೊಟ್ಟವನಿಗೆ ಸೋಂಪಿನ ತಟ್ಟೆಯಲ್ಲಿ ಹತ್ತು ರೂಪಾಯಿ ಬಿಡುತ್ತೇವೆ, ಒದ್ದೆ ಬಟ್ಟೆ ಹಿಡಿದು ಮೇಜು ಒರೆಸುವ ಹುಡುಗನನ್ನು ನೋಡುವುದೇ ಇಲ್ಲ. ಮುಂಬೈ ಕನ್ನಡಿಗರಲ್ಲಿ ಎಷ್ಟೋ ಮಾಲೀಕರು ಆ ಒದ್ದೆ ಬಟ್ಟೆಯಿಂದಲೇ ಶುರುಮಾಡಿದವರು.

ಸಂಬಳ ಕೊಡುವುದು ಹೋಟೆಲಿನ ಕೆಲಸ, ನಾನೇಕೆ ಕೊಡಲಿ ಎನ್ನುವವರ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ನನ್ನ ಹುಡುಗಿಯರ ಪಾಸ್‌ಬುಕ್ಕುಗಳನ್ನು ನೋಡಿದವಳಾಗಿ ಆ ವಾದಕ್ಕೆ ಇನ್ನಷ್ಟು ಬಲ ಕೊಡಬಲ್ಲೆ. ಗಿರಾಕಿಗಳು ಕಾರ್ಡಿನಲ್ಲಿ ಕೊಟ್ಟು ಹೋಟೆಲು ಹಂಚುವ ಟಿಪ್ಸ್ ಸಂಬಳವಲ್ಲ, ಆದ್ದರಿಂದ ಮಾಲೀಕ ಅದರ ಮೇಲೆ ಟಿಡಿಎಸ್ ಕಡಿಯಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಐಟಿಸಿ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ನೌಕರನಿಗೆ ಅದು ಇತರ ಮೂಲದ ಆದಾಯ. ಇವರ ಆದಾಯಕ್ಕೆ ತೆರಿಗೆಯ ಪ್ರಶ್ನೆ ಏಳುವುದಿಲ್ಲವೆನ್ನಿ. ಆದರೆ ಸಂಬಳವಲ್ಲದ ಹಣಕ್ಕೆ ಪಿಎಫ್ ಇಲ್ಲ. ಮೂಲವೇತನ ಸಾವಿರ ರೂಪಾಯಿ ಏರಿದರೆ ಅವಳ ಶೇಕಡಾ 12, ಮಾಲೀಕರ ಶೇಕಡಾ 12 ಸೇರಿ ₹240 ಅವಳ ಮುಪ್ಪಿಗೆ ಜಮೆಯಾಗುತ್ತದೆ. ಸಾವಿರ ರೂಪಾಯಿ ಟಿಪ್ಸ್ ಬಂದರೆ ಜಮೆ ಸೊನ್ನೆ. ಬೋನಸ್, ಗ್ರಾಚ್ಯುಟಿ ಲೆಕ್ಕದಲ್ಲೂ ಅದು ಸೊನ್ನೆಯೇ. ಕೆಲಸಕ್ಕೆ ಸೇರಿಸಿಕೊಳ್ಳುವಾಗ ‘ಸಂಬಳ ಇಷ್ಟೇ, ಮೇಲೆ ಟಿಪ್ಸ್ ಸಿಗುತ್ತದಲ್ಲ’ ಎನ್ನುವ ಗುತ್ತಿಗೆದಾರ ಅವಳ ಅರುವತ್ತನೇ ವಯಸ್ಸಿನ ಹಣ ಕಡಿಯುತ್ತಿದ್ದಾನೆ. ಹಾಗೆಂದು ಇಂದಿನ ನೂರು ರೂಪಾಯಿಯನ್ನು ನಾನು ಹಿಡಿದಿಟ್ಟರೆ ಅವನಿಗೇನೂ ನಷ್ಟವಿಲ್ಲ, ಭಿಶಿಗೆ ಮಾತ್ರ ನಷ್ಟ. ಅದಕ್ಕೇ ಕೊಡುತ್ತೇನೆ, ಜೊತೆಗೆ ಈ ಹುಡುಗಿಯರಿಗೆ ಪಿಎಫ್ ಖಾತೆಯ ನಂಬರು ಇಟ್ಟುಕೊಳ್ಳಿ, ತಿಂಗಳ ಜಮೆ ನೋಡಿಕೊಳ್ಳಿ ಎಂದು ಬಾಯಿ ನೋಯುವಷ್ಟು ಹೇಳುತ್ತೇನೆ.

ವಿದೇಶದಲ್ಲಿರುವ ನಮ್ಮವರಿಗೆ ಒಂದು ಮಾತು. ಮುಂಬೈ ವಿಮಾನ ನಿಲ್ದಾಣದ ಹೋಟೆಲಿನಲ್ಲಿ ಒಂದು ರಾತ್ರಿ ಮಲಗಿ ಮಂಗಳೂರು, ಹುಬ್ಬಳ್ಳಿ ವಿಮಾನ ಹಿಡಿಯುವವರು ಕಿಸೆಯಲ್ಲಿ ಉಳಿದ ದಿರ್ಹಮ್, ಸೆಂಟು, ಪೆನ್ನಿಗಳನ್ನು ಮೇಜಿನ ಮೇಲೆ ಸುರಿದು ಹೋಗುತ್ತಾರೆ. ಹಣ ಬದಲಿಸುವ ಅಂಗಡಿಯವರು ವಿದೇಶಿ ನಾಣ್ಯ ತೆಗೆದುಕೊಳ್ಳುವುದಿಲ್ಲ. ಮರೋಳಕ್ಕೆ ಹೋಗುವವಳ ಮನೆಯಲ್ಲಿ ಬಿಸ್ಕತ್ತಿನ ಡಬ್ಬಿ ತುಂಬ ಇಂಥ ನಾಣ್ಯಗಳಿವೆ, ಮಗ ಅವುಗಳಿಂದ ಕೇರಂ ಆಡುತ್ತಾನೆ. ಸೀರೆ, ಸೆಂಟಿನ ಬಾಟಲಿ, ತೆರೆಯದ ಚಾಕಲೇಟು ಕೊಡುವುದಿದ್ದರೆ ಅದನ್ನೂ ಚೀಟಿಯಲ್ಲಿ ಬರೆದು ಸಹಿ ಹಾಕಿಕೊಡಿ. ಪಾಳಿ ಮುಗಿದಾಗ ಗೇಟಿನಲ್ಲಿ ಚೀಲ ಬಿಚ್ಚಿಸುತ್ತಾರೆ. ಚೀಟಿಯಿದ್ದರೆ ಗೇಟ್‌ಪಾಸ್ ಸಿಗುತ್ತದೆ.

ಕೋಣೆ ಕೊಳಕಾಗಿದ್ದರೂ ಕೊಡಬೇಕೆ? ಬೇಕಾಗಿಲ್ಲ. ಹೌಸ್‌ಕೀಪಿಂಗಿಗೆ ಫೋನು ಮಾಡಿ ಇನ್ನೊಮ್ಮೆ ಮಾಡಿಸಿ. ಅದು ಸರಿಹೋದರೆ ಆನ್‌ಲೈನಿನಲ್ಲಿ ಒಂದು ಸ್ಟಾರ್ ಕೊಟ್ಟು ಕೋಣೆ ನಂಬರು ಬರೆಯುವ ಕೆಲಸಕ್ಕೆ ಹೋಗಬೇಡಿ. ಗುತ್ತಿಗೆಯವಳಿಗೆ ಮರುದಿನ ಬರಬೇಡ ಎನ್ನುವುದಕ್ಕೆ ಅಷ್ಟು ಸಾಕು.

ಭಿಶಿಯ ಈ ನಾಲ್ವರೂ ಹೆದರುವುದು ಮದುವೆಯ ಬುಕಿಂಗಿಗೆ. ಒಂದು ಕೋಣೆಯಲ್ಲಿ ಆರೇಳು ಜನ, ಚಾದರದ ಮೇಲೆ ಮೆಹೆಂದಿ, ಟವೆಲಿನಲ್ಲಿ ಅರಿಸಿನ, ಬಚ್ಚಲ ಜಾಲರಿಯಲ್ಲಿ ಹೂವಿನ ಎಸಳು, ಕೂದಲಿನ ಕ್ಲಿಪ್ಪು. ಸಮಯ ಮಾತ್ರ ಅದೇ ಅರ್ಧ ಗಂಟೆ. ಮೆಹೆಂದಿಯ ಕಲೆ ಹೋಗದಿದ್ದರೆ ಸೂಪರ್‌ವೈಸರನ ಮಾತು ಬೇರೆ. ನಮ್ಮ ಮದುವೆಗಳ ಲೆಕ್ಕದ ವಹಿಯಲ್ಲಿ ಪುರೋಹಿತರ ದಕ್ಷಿಣೆ ಇರುತ್ತದೆ, ವಾಲಗದವರ, ಬಡಿಸುವವರ, ಕಾರಿನ ಡ್ರೈವರರ ಭಕ್ಷೀಸು ಇರುತ್ತದೆ. ಕೋಣೆಯವರ ಸಾಲು ನಾನು ಕಂಡಿಲ್ಲ. ಇಪ್ಪತ್ತು ಕೋಣೆ, ಎರಡು ರಾತ್ರಿ, ತಲಾ ನೂರು ಎಂದರೆ ₹4,000. ಹೂವಿನ ಮಂಟಪದ ಒಂದು ಕಂಬಕ್ಕೂ ಅದಕ್ಕಿಂತ ಹೆಚ್ಚು ತೆರುವ ಕಾಲವಿದು. ಮೊತ್ತವನ್ನು ಮ್ಯಾನೇಜರನ ಕೈಗೆ ಒಟ್ಟಿಗೆ ಕೊಡಬೇಡಿ. ದಿನಕ್ಕೆ ಇಪ್ಪತ್ತು ಲಕೋಟೆ ಮಾಡಿ, ಬೆಳಿಗ್ಗೆ ಟ್ರಾಲಿ ಆ ಮಹಡಿಗೆ ಬರುವ ಹೊತ್ತಿಗೆ, ಮನೆಯಲ್ಲಿ ಲೆಕ್ಕಕ್ಕೆ ಚುರುಕಾದ ಸೋದರತ್ತೆಯನ್ನು ಕಳಿಸಿ.