ಕ್ಷ-ಕಿರಣವನ್ನು ಒಂದು ಚುಕ್ಕೆಗೆ ತರುವುದು ಹೇಗೆ?



ನಾನು ದ್ವಿತೀಯ ಪಿಯುಸಿಗೆ ಮಸೂರ, ದರ್ಪಣಗಳ ಪಾಠ ಮಾಡುವಾಗ, "ಸರ್, ವರ್ಧನೆಯ ಸೂತ್ರ ಪರೀಕ್ಷೆ ಬಿಟ್ಟು ಬೇರೆಲ್ಲಿ ಬೇಕು?" ಎಂದು ಕೇಳುವವರಿದ್ದೀರಿ. ಇಂದೋರ್‌ನ ರಾಜಾ ರಾಮಣ್ಣ ಉನ್ನತ ತಂತ್ರಜ್ಞಾನ ಕೇಂದ್ರದಲ್ಲಿ ಅದಕ್ಕೆ ಉತ್ತರವಿದೆ. ಅಲ್ಲಿನ ಇಂಡಸ್-2 ಸಿಂಕ್ರೊಟ್ರಾನ್‌ನ ಉಂಗುರದ ಸುತ್ತಳತೆ 172.5 ಮೀಟರ್. ಅದರಲ್ಲಿ ಸುತ್ತುವ ಎಲೆಕ್ಟ್ರಾನ್‌ಗಳನ್ನು ಅಯಸ್ಕಾಂತಗಳು ಬಾಗಿಸಿದಾಗ ಪ್ರಬಲ ಕ್ಷ-ಕಿರಣ ಹೊರಡುತ್ತದೆ. ಅದನ್ನು ಸ್ಫಟಿಕ, ಕನ್ನಡಿಗಳ ಮೂಲಕ ಮಾದರಿಯವರೆಗೆ ಒಯ್ಯುವ ವ್ಯವಸ್ಥೆಯೇ ಬೀಮ್‌ಲೈನ್.

ಅಕ್ಕಿ ಕಾಳಿನ ಯಾವ ಪದರದಲ್ಲಿ ಆರ್ಸೆನಿಕ್ ಸೇರಿದೆ ಎಂದು ತಿಳಿಯಬೇಕಾಗಿದೆ ಎನ್ನಿ. ಅದಕ್ಕೊಂದು ಬೀಮ್‌ಲೈನನ್ನು ನಾವೇ ಲೆಕ್ಕ ಹಾಕೋಣ.

1. ಶಕ್ತಿ: ಆರ್ಸೆನಿಕ್‌ನ ಅತಿ ಒಳಗಿನ ಕವಚದ ಎಲೆಕ್ಟ್ರಾನನ್ನು ಹೊರಹಾಕಲು ಸುಮಾರು 11.9 ಕಿಲೋ ಎಲೆಕ್ಟ್ರಾನ್ ವೋಲ್ಟ್ ಬೇಕು. ನಾವು 13 ಆರಿಸೋಣ. ಆಗ ತರಂಗದೂರ 0.95 ಆಂಗ್‌ಸ್ಟ್ರಮ್. ಸಿಲಿಕಾನ್ ಸ್ಫಟಿಕದ ಪದರಗಳ ಅಂತರ 3.14 ಆಂಗ್‌ಸ್ಟ್ರಮ್. ಬ್ರ್ಯಾಗ್ ನಿಯಮದಂತೆ ಸ್ಫಟಿಕವನ್ನು ಸುಮಾರು 8.75 ಡಿಗ್ರಿಗೆ ತಿರುಗಿಸಿದರೆ ಆ ತರಂಗದೂರದ ಕಿರಣ ಸಿಗುತ್ತದೆ.

2. ಕನ್ನಡಿ: ಕ್ಷ-ಕಿರಣಕ್ಕೆ ಗಾಜಿನ ವಕ್ರೀಭವನಾಂಕ 1ಕ್ಕಿಂತ ತೀರಾ ತುಸುವೇ ಕಡಿಮೆ. ಹಾಗಾಗಿ ಮಾಮೂಲಿ ಮಸೂರ ಕಿರಣವನ್ನು ಬಾಗಿಸದು. ಆದರೆ ಅದೇ ಕಾರಣಕ್ಕೆ, ಮೇಲ್ಮೈಯನ್ನು ಸವರಿಕೊಂಡು ಹೋಗುವ ಕಿರಣ ಒಳಗೆ ನುಗ್ಗದೆ ಹೊರಗೇ ಪೂರ್ಣವಾಗಿ ಪ್ರತಿಫಲಿಸುತ್ತದೆ. ರೋಡಿಯಂ ಲೇಪಿಸಿದ ಕನ್ನಡಿಗೆ 3 ಮಿಲಿರೇಡಿಯನ್, ಅಂದರೆ 0.17 ಡಿಗ್ರಿ ಇಡಬಹುದು. ಇಷ್ಟು ಓರೆಯಲ್ಲಿ 0.6 ಮಿ.ಮೀ. ಎತ್ತರದ ಕಿರಣವನ್ನು ಹಿಡಿಯಲು 200 ಮಿ.ಮೀ. ಉದ್ದದ ಕನ್ನಡಿ ಬೇಕು! 1948ರಲ್ಲಿ ಕರ್ಕ್‌ಪ್ಯಾಟ್ರಿಕ್ ಮತ್ತು ಬೇಜ್ ಇಂಥ ಎರಡು ಕನ್ನಡಿಗಳನ್ನು ಪರಸ್ಪರ ಲಂಬವಾಗಿ ಇಡುವ ವಿಧಾನ ತೋರಿಸಿದರು. ಒಂದು ಮೇಲೆ-ಕೆಳಗೆ, ಇನ್ನೊಂದು ಎಡ-ಬಲಕ್ಕೆ ಕಿರಣವನ್ನು ಒಟ್ಟುಗೂಡಿಸುತ್ತದೆ. ಇಂಡಸ್-2ರ 16ನೇ ಬೀಮ್‌ಲೈನ್‌ನಲ್ಲಿ ಇಂಥ ಜೋಡಿಯೇ ಇದೆ.

3. ದೂರ: ಇಲ್ಲಿ ನಿಮ್ಮ ಸೂತ್ರ ಬರುತ್ತದೆ. ಮೂಲದ ಗಾತ್ರ 200 ಮೈಕ್ರೊಮೀಟರ್, ಅದರಿಂದ ಕನ್ನಡಿಗೆ 40 ಮೀಟರ್, ಕನ್ನಡಿಯಿಂದ ಮಾದರಿಗೆ 0.4 ಮೀಟರ್ ಇರಲಿ. 0.4 ಭಾಗಿಸು 40, ಅಂದರೆ ನೂರರಲ್ಲಿ ಒಂದು. ಚುಕ್ಕೆಯ ಗಾತ್ರ 2 ಮೈಕ್ರೊಮೀಟರ್.

ಇನ್ನೂ ಚಿಕ್ಕದು ಬೇಕೆ? ಮಾದರಿಯನ್ನು 0.2 ಮೀಟರ್‌ಗೆ ತಂದರೆ ಕನ್ನಡಿಯ ಅರ್ಧ ಉದ್ದವೇ 0.1 ಮೀಟರ್ ನುಂಗುತ್ತದೆ. ಡಿಟೆಕ್ಟರ್‌ಗೆ ಜಾಗ ಉಳಿಯದು. ಮೂಲದಿಂದ ದೂರ ಹೋದರೆ ಕಿರಣ ಹರಡಿಕೊಂಡು, ಅದೇ ಕನ್ನಡಿಗೆ ಸಿಗುವ ಫೋಟಾನ್‌ಗಳು ಕಡಿಮೆಯಾಗುತ್ತವೆ. ಅತ್ಯಲ್ಪ ಆರ್ಸೆನಿಕ್‌ನ ಸಂಕೇತವೂ ಕ್ಷೀಣಿಸುತ್ತದೆ. ಚುಕ್ಕೆಯ ಗಾತ್ರ, ಜಾಗ, ಬೆಳಕು ಈ ಮೂರನ್ನೂ ತೂಗಿಸುವುದೇ ವಿನ್ಯಾಸ. ಸೂತ್ರ ಒಂದೇ ಸಾಲಿನದು. ಯಾವುದನ್ನು ಎಷ್ಟು ಬಿಟ್ಟುಕೊಡಬೇಕೆಂಬ ತೀರ್ಮಾನ ನಮ್ಮದು.

ನಿಮಗೊಂದು ಲೆಕ್ಕ: ಮೂಲ 150 ಮೈಕ್ರೊಮೀಟರ್, ಕನ್ನಡಿ 30 ಮೀಟರ್ ದೂರದಲ್ಲಿದೆ. 1 ಮೈಕ್ರೊಮೀಟರ್ ಚುಕ್ಕೆಗೆ ಮಾದರಿ ಎಲ್ಲಿರಬೇಕು? 200 ಮಿ.ಮೀ. ಕನ್ನಡಿ ಅಲ್ಲಿ ಹಿಡಿಸೀತೇ? ಉತ್ತರವನ್ನು ಭೌತಶಾಸ್ತ್ರ ಪ್ರಯೋಗಾಲಯಕ್ಕೆ ತಂದು ತೋರಿಸಿ.