ಪೊರೆಯುವ ಪೊರೆ, ಒಳಹೊಗುವ ನಂಜು

ಐಚ್ಛಿಕ ಕನ್ನಡವನ್ನು ಓದುವವರು ಕಾವ್ಯ, ಛಂದಸ್ಸು, ವ್ಯಾಕರಣಗಳ ಜೊತೆಗೆ ಶಾಸ್ತ್ರವಿಷಯಗಳನ್ನು ಕನ್ನಡದಲ್ಲಿ ನಿರೂಪಿಸುವ ಬಗೆಯನ್ನೂ ಅರಿತಿರಬೇಕು. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ೧೯೧೮ರಲ್ಲಿ ಬೆಂಗಳೂರಿನಿಂದ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರತಂದು ಈ ದಾರಿಯನ್ನು ತೋರಿಸಿಕೊಟ್ಟರು. ಅದೇ ದಾರಿಯಲ್ಲಿ ಒಂದು ಪಾಠವನ್ನು ಇಲ್ಲಿ ಆರಿಸಿಕೊಂಡಿದೆ. ಒಂದು ಬ್ಯಾಕ್ಟೀರಿಯ ಇನ್ನೊಂದನ್ನು ಕೊಲ್ಲಲು ತಯಾರಿಸುವ ಪ್ರೋಟೀನು ನಂಜು ಎದುರಾಳಿಯ ಪೊರೆಯನ್ನು ದಾಟುವುದು ಹೇಗೆ ಎಂಬುದೇ ಆ ಪಾಠ. ಇದು ಪ್ರಯೋಗಶಾಲೆಯ ಕುತೂಹಲ ಮಾತ್ರವಲ್ಲ. ಔಷಧಗಳಿಗೆ ಬಗ್ಗದ ಬ್ಯಾಕ್ಟೀರಿಯಗಳೇ ನೇರ ಕಾರಣವಾಗಿ ೨೦೧೯ನೆಯ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು ೧೨.೭ ಲಕ್ಷ ಜನರು ಮೃತರಾದರೆಂದು ಅಂದಾಜಿದೆ. ಅವುಗಳೊಳಗೆ ಔಷಧವನ್ನು ನುಗ್ಗಿಸುವುದೇ ವೈದ್ಯರಿಗಿರುವ ದೊಡ್ಡ ತೊಡಕುಗಳಲ್ಲೊಂದು.

೧. ಪದಗಳ ಪರಿಚಯ

ಗೋವೆಯಲ್ಲಿ ಮರಾಠಿ ಶಾಲೆಗಳಿಂದ ಬಂದ ವಿದ್ಯಾರ್ಥಿಗಳು ಮೊದಲು ಒಂದು ಭೇದವನ್ನು ಗಮನಿಸಬೇಕು. ಮರಾಠಿಯಲ್ಲಿ ‘ಜೀವಾಣು’ ಎಂದರೆ ಬ್ಯಾಕ್ಟೀರಿಯ, ‘ವಿಷಾಣು’ ಎಂದರೆ ವೈರಸ್. ಕನ್ನಡದಲ್ಲಿ ವೈರಸ್ಸಿಗೆ ‘ವೈರಾಣು’ ಎಂಬ ಪದ ರೂಢಿಯಲ್ಲಿದೆ. ಬ್ಯಾಕ್ಟೀರಿಯವನ್ನು ಸಾಮಾನ್ಯವಾಗಿ ಹಾಗೆಯೇ ಬರೆಯುತ್ತೇವೆ. ಇಲ್ಲಿ ‘ನಂಜು’ ಎಂದಿರುವುದು ಇವೆರಡೂ ಅಲ್ಲ. ಅದು ಜೀವಿಯಲ್ಲ, ಜೀವಿಯೊಂದು ತಯಾರಿಸಿದ ಪ್ರೋಟೀನು. ನಂಜುಂಡ, ನಂಜನಗೂಡು ಎಂಬ ಹೆಸರುಗಳಲ್ಲಿ ಉಳಿದಿರುವ ಈ ದೇಸಿ ಪದ ನಮ್ಮ ಉದ್ದೇಶಕ್ಕೆ ಸಾಕು.

‘ಪೊರೆ’ ಎಂಬ ಪದ ಇನ್ನೂ ಅರ್ಥವತ್ತಾದುದು. ನಾಮಪದವಾದಾಗ ಅದು ತೆಳುವಾದ ಹೊದಿಕೆ: ಹಾವಿನ ಪೊರೆ, ಕಣ್ಣಿನ ಪೊರೆ. ಕ್ರಿಯಾಪದವಾದಾಗ ಕಾಪಾಡು, ಸಲಹು ಎಂಬ ಅರ್ಥ. ಕಾಪಾಡುವುದೆಂದರೆ ಬೇಡವಾದುದನ್ನು ತಡೆಯುವುದು. ಸಲಹುವುದೆಂದರೆ ಬೇಕಾದುದನ್ನು ಒಳಗೆ ತಂದುಕೊಡುವುದು. ಜೀವಕೋಶದ ಪೊರೆ ಈ ಎರಡು ಕೆಲಸಗಳನ್ನೂ ಮಾಡಬೇಕು. ನಂಜು ದಾರಿ ಕಂಡುಕೊಳ್ಳುವುದು ಈ ಎರಡರ ನಡುವಣ ಬಿರುಕಿನಲ್ಲಿಯೇ.

೨. ಎರಡು ಪೊರೆಗಳ ಕೋಶ

ಡೆನ್ಮಾರ್ಕಿನ ವೈದ್ಯ ಹಾನ್ಸ್ ಕ್ರಿಶ್ಚಿಯನ್ ಗ್ರಾಂ ೧೮೮೪ರಲ್ಲಿ ಬ್ಯಾಕ್ಟೀರಿಯಗಳಿಗೆ ಬಣ್ಣ ಕಟ್ಟುವ ಒಂದು ವಿಧಾನವನ್ನು ಪ್ರಕಟಿಸಿದನು. ಬಣ್ಣವನ್ನು ಹಿಡಿದಿಟ್ಟುಕೊಳ್ಳುವವು ಗ್ರಾಂ ಧನ, ಬಿಟ್ಟುಕೊಡುವವು ಗ್ರಾಂ ಋಣ. ಇಲ್ಲಿ ‘ಗ್ರಾಂ’ ತೂಕವಲ್ಲ, ವ್ಯಕ್ತಿನಾಮ. ‘ಋಣ’ ವಿದ್ಯುತ್ತಿಗೆ ಸಂಬಂಧಿಸಿದ್ದಲ್ಲ.

ಗ್ರಾಂ ಋಣ ಬ್ಯಾಕ್ಟೀರಿಯಗಳಿಗೆ ಎರಡು ಪೊರೆಗಳಿವೆ. ಇವುಗಳಲ್ಲಿ ಹೆಚ್ಚು ಅಭ್ಯಾಸಕ್ಕೊಳಗಾದುದು ನಮ್ಮ ಕರುಳಿನಲ್ಲಿ ವಾಸಿಸುವ ಇ. ಕೋಲೈ. ಅದರ ಹೊರಪೊರೆಯಲ್ಲಿ ಪೋರಿನ್ ಎಂಬ ಪ್ರೋಟೀನುಗಳಿಂದಾದ ಕಿರುರಂಧ್ರಗಳಿವೆ. ಸುಮಾರು ೬೦೦ ಡಾಲ್ಟನ್ನಿಗಿಂತ ಸಣ್ಣದಾದ ಅಣುಗಳು ಮಾತ್ರ ಅವುಗಳ ಮೂಲಕ ಸಲೀಸಾಗಿ ಹಾಯುತ್ತವೆ. (ಡಾಲ್ಟನ್ ಎಂಬುದು ಅಣುಗಳ ರಾಶಿಯನ್ನು ಅಳೆಯುವ ಮಾನ, ಜಲಜನಕದ ಒಂದು ಪರಮಾಣು ಸುಮಾರು ೧ ಡಾಲ್ಟನ್.) ಆದರೆ ಬಿ೧೨ ಜೀವಸತ್ತ್ವದ ರಾಶಿ ೧,೩೫೫ ಡಾಲ್ಟನ್. ಕಬ್ಬಿಣವನ್ನು ಹೊತ್ತು ತರುವ ಅಣುಗಳೂ ದೊಡ್ಡವು. ಇಂಥವನ್ನು ಒಳಗೆ ತರಲು ಕೋಶವು ಬೇರೆ ಬಾಗಿಲುಗಳನ್ನು ಇಟ್ಟುಕೊಂಡಿದೆ. ಬಿ೧೨ಕ್ಕಾಗಿ ಇರುವ ಬಾಗಿಲಿನ ಹೆಸರು ಬಿಟಿಯುಬಿ.

೩. ಕೊಲಿಸಿನ್ ಸಾಗುವ ದಾರಿ

ಬೆಲ್ಜಿಯಮ್ಮಿನ ಆಂದ್ರೆ ಗ್ರಾತಿಯಾ ೧೯೨೫ರಲ್ಲಿ, ಒಂದು ತಳಿಯ ಇ. ಕೋಲೈ ಮತ್ತೊಂದು ತಳಿಯನ್ನು ಕೊಲ್ಲುವುದನ್ನು ವರದಿ ಮಾಡಿದನು. ಕೊಲ್ಲುವ ಆ ವಸ್ತುವಿಗೆ ಮುಂದೆ ‘ಕೊಲಿಸಿನ್’ ಎಂಬ ಹೆಸರಾಯಿತು. ಕನ್ನಡದ ‘ಕೊಲಿಸು’ ನೆನಪಿಗೆ ಬರುವುದು ಸಹಜ. ಆದರೆ ಹೆಸರು ಹುಟ್ಟಿದ್ದು ‘ಕೋಲೈ’ ಎಂಬುದರಿಂದ.

ಕೊಲಿಸಿನ್ನುಗಳ ರಾಶಿ ಹತ್ತಾರು ಸಾವಿರ ಡಾಲ್ಟನ್. ಪೋರಿನ್ ರಂಧ್ರದ ಮಿತಿಗೆ ಹೋಲಿಸಿದರೆ ಕೊಲಿಸಿನ್ ಇ೯ ನೂರು ಪಟ್ಟು ಭಾರ. ಆದರೂ ಅದು ಒಳಹೊಗುತ್ತದೆ. ಅದರ ಮೈಯಲ್ಲಿ ಮೂರು ಅಂಗಗಳಿವೆ: ಹಿಡಿಯುವುದೊಂದು, ದಾಟಿಸುವುದೊಂದು, ಕೊಲ್ಲುವುದೊಂದು. ಹಿಡಿಯುವ ಅಂಗವು ಮೊದಲು ಬಿ೧೨ರ ಬಾಗಿಲಾದ ಬಿಟಿಯುಬಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ನಂಜು ಈ ಬಾಗಿಲಿನಿಂದಲೇ ಒಳನುಗ್ಗುವುದಿಲ್ಲ. ಇಲ್ಲಿ ನೆಲೆ ನಿಂತು ಪಕ್ಕದ ಕಿಂಡಿಯನ್ನು ಅರಸುತ್ತದೆ. ದಾಟಿಸುವ ಅಂಗದ ತುದಿ ಮಡಿಕೆಗಳಿಲ್ಲದ ಸಡಿಲ ಎಳೆ. ಸೂಜಿಯ ಕಣ್ಣಿಗೆ ದಾರ ಪೋಣಿಸಿದಂತೆ ಆ ಎಳೆ ಓಎಂಪಿಎಫ್ ಎಂಬ ಪೋರಿನ್ನಿನ ರಂಧ್ರದಲ್ಲಿ ನುಸುಳಿ, ಎರಡು ಪೊರೆಗಳ ನಡುವಣ ಅವಕಾಶದಲ್ಲಿರುವ ಟಾಲ್‌ಬಿ ಪ್ರೋಟೀನನ್ನು ಹಿಡಿಯುತ್ತದೆ.

ಇಲ್ಲಿಂದ ಮುಂದೆ ಬೇಕಾಗುವ ಬಲವನ್ನು ಒದಗಿಸುವುದು ಸಾಯಲಿರುವ ಕೋಶವೇ. ಟಾಲ್ ಪ್ರೋಟೀನುಗಳ ವ್ಯವಸ್ಥೆ ಕೋಶದ ಹೊರಪೊರೆಯನ್ನು ಸುಸ್ಥಿತಿಯಲ್ಲಿಡಲು ಇರುವಂಥದು. ಒಳಪೊರೆಯ ಎರಡು ಬದಿಗಳಲ್ಲಿ ಪ್ರೋಟಾನುಗಳ ಹಂಚಿಕೆಯ ವ್ಯತ್ಯಾಸದಿಂದ ದೊರೆಯುವ ಶಕ್ತಿಯಿಂದ ಅದು ನಡೆಯುತ್ತದೆ. ಆ ಶಕ್ತಿಯೇ ನಂಜನ್ನು ಒಳಗೆಳೆಯುತ್ತದೆ. ಎಳೆತದಲ್ಲಿ ನಂಜಿನ ಮಡಿಕೆಗಳು ಬಿಚ್ಚಿಕೊಳ್ಳುತ್ತವೆ. ತಯಾರಿಸಿದ ಕೋಶವು ತನ್ನನ್ನು ತಾನು ಕಾಪಾಡಿಕೊಳ್ಳಲು ನಂಜಿಗೆ ಅಂಟಿಸಿ ಕಳಿಸಿದ ರಕ್ಷಕ ಪ್ರೋಟೀನು ಈ ಘಟ್ಟದಲ್ಲಿ ಹೊರಗೆ ಕಳಚಿ ಬೀಳುತ್ತದೆ. ಕೊನೆಗೆ ಕೊಲ್ಲುವ ಅಂಗವು ಒಳಪೊರೆಯನ್ನೂ ದಾಟಿ ಡಿಎನ್ಎಯನ್ನು ಕತ್ತರಿಸುತ್ತದೆ. ಈ ಕೊನೆಯ ದಾಟುವಿಕೆಗೂ ಕೋಶದ್ದೇ ಆದ ಎಫ್‌ಟಿಎಸ್‌ಎಚ್ ಎಂಬ ಪ್ರೋಟೀನಿನ ನೆರವು ಬೇಕು. ಇ೧, ಐಎ ಮೊದಲಾದ ಕೊಲಿಸಿನ್ನುಗಳು ಅಷ್ಟು ದೂರ ಹೋಗುವುದಿಲ್ಲ. ಒಳಪೊರೆಯಲ್ಲೇ ತೂತು ಕೊರೆದು, ಪೊಟ್ಯಾಸಿಯಂ ಸೋರಿಹೋಗುವಂತೆ ಮಾಡಿ ಕೊಲ್ಲುತ್ತವೆ.

ಇದಕ್ಕೆ ತಯಾರಕ ಕೋಶ ತೆರುವ ಬೆಲೆಯೂ ಕಡಿಮೆಯಲ್ಲ. ಕೊಲಿಸಿನ್ ಹೊರಬೀಳಬೇಕಾದರೆ ಸಾಮಾನ್ಯವಾಗಿ ಆ ಕೋಶ ಒಡೆದು ಸಾಯಬೇಕು. ಅದರ ಬಳಗದಲ್ಲಿ ಕೆಲವೇ ಕೋಶಗಳು ಹೀಗೆ ಸಾಯುತ್ತವೆ. ರಕ್ಷಕ ಪ್ರೋಟೀನನ್ನು ಪಡೆದಿರುವ ಉಳಿದವು ಬದುಕುತ್ತವೆ.

೪. ಬಾಗಿಲು ಮುಚ್ಚಿದರೆ?

ಬ್ಯಾಕ್ಟೀರಿಯ ಆ ಬಾಗಿಲನ್ನೇ ತೊರೆಯಬಾರದೇಕೆ? ತೊರೆಯಬಲ್ಲದು. ಬಿಟಿಯುಬಿ ಇಲ್ಲದ ತಳಿಗಳು ಕೊಲಿಸಿನ್ ಇ೯ರಿಂದ ಪಾರಾಗುತ್ತವೆ; ಆದರೆ ಹೊರಗಿನ ಬಿ೧೨ನ್ನು ಪಡೆಯಲಾರವು. ಟಾಲ್ ವ್ಯವಸ್ಥೆ ಕೆಟ್ಟ ತಳಿಗಳೂ ಉಳಿಯುತ್ತವೆ. ಆದರೆ ಅವುಗಳ ಹೊರಪೊರೆ ಸೋರತೊಡಗಿ, ಮಾರ್ಜಕಗಳಿಗೂ ತಡೆಯದಂತಾಗುತ್ತವೆ. ಪುಷ್ಟಿಕರ ಆಹಾರ ತುಂಬಿದ ಪ್ರಯೋಗಶಾಲೆಯ ತಟ್ಟೆಯಲ್ಲಿ ಈ ನಷ್ಟ ಅಷ್ಟಾಗಿ ಕಾಣದೆ ಹೋಗಬಹುದು. ಕರುಳಿನ ಪೈಪೋಟಿಯಲ್ಲಿ ಅದು ಭಾರವಾಗಬಹುದು. ಕಾಪಾಡುವ ಕೆಲಸ ಹೆಚ್ಚಾದರೆ ಸಲಹುವ ಕೆಲಸ ಕುಂದುತ್ತದೆ ಎಂಬುದೇ ಇದರ ತಾತ್ಪರ್ಯ.

೫. ಮನುಷ್ಯನಿಗೆ ಇದರ ಉಪಯೋಗ

ಹಾಲಿನಲ್ಲಿ ಬೆಳೆಯುವ ಲ್ಯಾಕ್ಟೊಕಾಕಸ್ ಎಂಬ ಬ್ಯಾಕ್ಟೀರಿಯ ತಯಾರಿಸುವ ನೈಸಿನ್, ೩೪ ಅಮೈನೋ ಆಮ್ಲಗಳ ಪುಟ್ಟ ನಂಜು. ಅದು ಕೋಶದ ಗೋಡೆ ಕಟ್ಟಲು ಬೇಕಾದ ‘ಲಿಪಿಡ್ ೨’ ಎಂಬ ಅಣುವನ್ನು ಹಿಡಿದು ಪೊರೆಯಲ್ಲಿ ತೂತು ಮಾಡುತ್ತದೆ. ಸಂಸ್ಕರಿಸಿದ ಚೀಸು ಕೆಡದಂತೆ ಅದನ್ನು ಬಳಸುತ್ತಾರೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿಯೂ ಇಂಥ ನಂಜುಗಳ ಅಧ್ಯಯನ ನಡೆದಿದೆ. ಆದರೆ ಗ್ರಾಂ ಋಣಗಳ ಹೊರಪೊರೆಯನ್ನು ನೈಸಿನ್ ತಾನಾಗಿ ದಾಟಲಾರದು.

ಆ ಹೊರಪೊರೆಯನ್ನು ದಾಟಲು ಕೊಲಿಸಿನ್ನಿನ ಉಪಾಯವನ್ನೇ ಹೋಲುವ ಔಷಧವೊಂದು ಬಂದಿದೆ. ೨೦೧೯ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದ ಸೆಫಿಡೆರಕಾಲ್ ಪ್ರೋಟೀನಲ್ಲ. ಆದರೂ ಅದು ಕಬ್ಬಿಣವನ್ನು ಹಿಡಿದುಕೊಂಡು, ಕಬ್ಬಿಣಕ್ಕಾಗಿ ತೆರೆದಿರುವ ಬಾಗಿಲಿನಿಂದಲೇ ಒಳಸೇರುತ್ತದೆ. ಅದಕ್ಕೂ ಪ್ರತಿರೋಧ ಕಾಣಿಸಿಕೊಂಡಿದೆ: ಬ್ಯಾಕ್ಟೀರಿಯಕ್ಕೆ ಕಬ್ಬಿಣದ ಬಾಗಿಲುಗಳು ಹಲವು, ಒಂದನ್ನು ಕಳೆದುಕೊಂಡೂ ಅದು ಬದುಕಬಲ್ಲದು.

೬. ನಿರೂಪಣೆಯಲ್ಲಿ ಎಚ್ಚರ

ಬಾಗಿಲು, ದಾರ, ಕಿಂಡಿ ಎಂಬ ರೂಪಕಗಳು ತಿಳಿವಿಗೆ ನೆರವಾಗುತ್ತವೆ. ಆದರೆ ನಂಜು ‘ಅರಸುತ್ತದೆ’ ಎಂದು ಮೇಲೆ ಬರೆದಾಗ ಅದಕ್ಕೆ ಇಚ್ಛೆಯಿದೆಯೆಂದು ಅರ್ಥವಲ್ಲ. ಅಣುಗಳು ಸದಾ ಕದಲುತ್ತಿರುತ್ತವೆ. ಆಕಾರ ಹೊಂದಿದಲ್ಲಿ ಅಂಟಿಕೊಳ್ಳುತ್ತವೆ. ಕಾವ್ಯದಲ್ಲಿ ರೂಪಕವು ಅಭೇದವನ್ನು ಸಾಧಿಸಿದರೆ ಗೆದ್ದಿತು. ಶಾಸ್ತ್ರಬರಹದಲ್ಲಿ ಭೇದವೆಲ್ಲಿ ಆರಂಭವಾಗುತ್ತದೆಂದು ಹೇಳಿದ ಮೇಲೆಯೇ ಅದರ ಕೆಲಸ ಮುಗಿಯುತ್ತದೆ.

ಅಭ್ಯಾಸ

೧. ‘ಪೊರೆ’ ಪದದ ಎರಡು ಅರ್ಥಗಳನ್ನು ಆಧರಿಸಿ, ಕೊಲಿಸಿನ್ ಒಳಹೊಗುವ ಬಗೆಯನ್ನು ಹತ್ತು ವಾಕ್ಯಗಳಲ್ಲಿ ವಿವರಿಸಿರಿ.
೨. ಮೂರನೆಯ ಭಾಗದಲ್ಲಿ ನಂಜಿಗೆ ಇಚ್ಛೆಯನ್ನು ಆರೋಪಿಸುವ ಕ್ರಿಯಾಪದಗಳನ್ನು ಗುರುತಿಸಿ, ಬದಲಿ ಪದಗಳನ್ನು ಸೂಚಿಸಿರಿ.
೩. ಮರಾಠಿ ಮತ್ತು ಕನ್ನಡಗಳಲ್ಲಿ ಒಂದೇ ರೂಪವಿದ್ದು ಅರ್ಥ ಬೇರೆಯಾಗುವ ಐದು ಪದಗಳನ್ನು ಪಟ್ಟಿ ಮಾಡಿರಿ.